ಒಂಟಿ ಜೋಡು

ಪಾದರಕ್ಷೆಗೆ ಕನ್ನಡದಲ್ಲಿ ಹೆಸರುಗಳು ಒಂದೆರಡಲ್ಲ. ಕೆರ, ಎಕ್ಕಡ, ಮೆಟ್ಟು, ಹಾವುಗೆ, ಚಮ್ಮಾವುಗೆ. ಸ್ವಾಮಿಗಳ ಕಾಲಲ್ಲಿದ್ದರೆ ಪಾದುಕೆ. ಪೇಟೆಯ ಅಂಗಡಿಯಿಂದ ಬಂದರೆ ಚಪ್ಪಲಿ, ಬೂಟ್ಸು. ಇವುಗಳಲ್ಲೆಲ್ಲ ನನಗೆ ಬಹಳ ದಿನಗಳಿಂದ ಕುತೂಹಲ ಹುಟ್ಟಿಸಿರುವ ಹೆಸರು 'ಜೋಡು' ಎಂಬುದು. ಎರಡು ಎಂಬ ಅರ್ಥದ ಮಾತೇ ಇಲ್ಲಿ ವಸ್ತುವಿನ ಹೆಸರಾಗಿ ನಿಂತುಬಿಟ್ಟಿದೆ. 'ಒಂಟಿ ಜೋಡು' ಎಂದರೆ ಕೇಳಿದವರು ನಕ್ಕಾರು. ಆದರೆ ಒಂಟಿ ಜೋಡು ಬೇಕಾದವರು ನಮ್ಮ ನಡುವೆ ಇದ್ದಾರೆ. ಅಪಘಾತದಲ್ಲಿಯೋ ಸಕ್ಕರೆ ಕಾಯಿಲೆಯಿಂದಲೋ ಒಂದು ಕಾಲು ಕಳೆದುಕೊಂಡು ಕಂಕುಳುಗೋಲಿನ ಮೇಲೆ ನಡೆಯುವವರಿಗೆ ಬೇಕಾದದ್ದು ಒಂದೇ. ಎಳವೆಯಲ್ಲಿ ಪೋಲಿಯೋ ತಗಲಿದವರಿಗೆ ಎರಡು ಬೇಕು, ಆದರೆ ಒಂದು ಚಿಕ್ಕದು, ಒಂದು ದೊಡ್ಡದು. ಕುಷ್ಠದಿಂದ ಬೆರಳು ಸವೆದು ಪಾದ ಮೋಟಾದವರಿಗೆ ಬೇಕಾದ ಆಕಾರ ಯಾವ ಅಂಗಡಿಯ ಕಪಾಟಿನಲ್ಲಿಯೂ ಇಲ್ಲ. ಇವರೆಲ್ಲರಿಗೂ ಅಂಗಡಿಯವನ ಉತ್ತರ ಒಂದೇ: ಜೋಡಿ ಒಡೆಯುವುದಿಲ್ಲ.

ನನಗೆ ಪರಿಚಯವಿದ್ದ ಒಬ್ಬ ಮೇಷ್ಟರ ಎಡಗಾಲಿಗೆ ಆರನೆಯ ನಂಬರು, ಬಲಗಾಲಿಗೆ ಎಂಟನೆಯ ನಂಬರು. ಅವರು ಪ್ರತಿ ಸಲವೂ ಎರಡು ಜೊತೆ ಕೊಳ್ಳುತ್ತಿದ್ದರು. ಒಂದೊಂದರಿಂದ ಒಂದೊಂದನ್ನು ತೆಗೆದು ಮೆಟ್ಟಿ, ಉಳಿದೆರಡನ್ನು ಕಾಗದದಲ್ಲಿ ಸುತ್ತಿ ಅಟ್ಟಕ್ಕೆ ಹಾಕುತ್ತಿದ್ದರು. ಎಸೆಯಲು ಮನಸ್ಸು ಬಾರದು, ಕೊಡಲು ಜನ ಸಿಕ್ಕರು. ಬಲಗಾಲು ಆರು, ಎಡಗಾಲು ಎಂಟು ಇರುವ ಇನ್ನೊಬ್ಬ ಮನುಷ್ಯ ಸಿಕ್ಕಬೇಕು. ಅವನಿಗೂ ಅದೇ ಬಣ್ಣ, ಅದೇ ಮಾದರಿ ಒಪ್ಪಿಗೆಯಾಗಬೇಕು. ವಧೂವರರ ಜಾತಕ ಕೂಡಿಸುವುದು ಇದಕ್ಕಿಂತ ಸುಲಭ. ಅಮೆರಿಕದಲ್ಲಿ ೧೯೪೦ರ ದಶಕದಲ್ಲಿ ಪೋಲಿಯೋ ತಗಲಿದ್ದ ಒಬ್ಬ ಮಹಿಳೆ ಇಂಥವರನ್ನು ಒಬ್ಬರಿಗೊಬ್ಬರಿಗೆ ಗಂಟು ಹಾಕುವ ವಿನಿಮಯ ಸಂಘವನ್ನೇ ಕಟ್ಟಿದರೆಂದು ಓದಿದ್ದೇನೆ. ನಮ್ಮ ಮೇಷ್ಟರಿಗೆ ಆ ಭಾಗ್ಯವಿರಲಿಲ್ಲ. ಸಂಬಳ ಒಂದು ಕಾಲಿನವರಿಗೂ ಎರಡು ಕಾಲಿನವರಿಗೂ ಒಂದೇ, ಚಪ್ಪಲಿಯ ಖರ್ಚು ಮಾತ್ರ ತಮಗೆ ಇಮ್ಮಡಿ ಎಂದು ಅವರು ನಗುನಗುತ್ತಲೇ ಹೇಳುತ್ತಿದ್ದರು.

ಇದು ಎಂದಿನಿಂದ ಹೀಗಾಯಿತು? ಕಾಲಿಗೆ ತಕ್ಕ ಜೋಡು ಎಂಬ ಮಾತು ಹೋಗಿ ಜೋಡಿಗೆ ತಕ್ಕ ಕಾಲು ಎಂಬ ಸ್ಥಿತಿ ಯಾವಾಗ ಬಂತು? ಇದನ್ನು ಯೋಚಿಸುವುದಕ್ಕೆ ನನಗೆ ರಾಮಾಪುರದ ಸೀಮೆಗಿಂತ ಒಳ್ಳೆಯ ಸ್ಥಳ ತೋರುವುದಿಲ್ಲ.

ಬೆಂಗಳೂರು ಮೈಸೂರುಗಳ ಓದುಗರು ರಾಮಾಪುರದ ಹೆಸರನ್ನು ಕೇಳಿದ್ದರೆ ಅದು ಬಹುಶಃ ವೀರಪ್ಪನ್ ಕಾಲದ ಸುದ್ದಿಗಳಿಂದ. ೧೯೯೨ರ ಮೇ ತಿಂಗಳಲ್ಲಿ ಅವನ ತಂಡ ಇಲ್ಲಿಯ ಪೊಲೀಸ್ ಠಾಣೆಗೆ ನುಗ್ಗಿ ಪೊಲೀಸರನ್ನು ಕೊಂದಿತು. ಮರುವರ್ಷ ಏಪ್ರಿಲಿನಲ್ಲಿ ಪಾಲಾರಿನ ಬಳಿ ನೆಲಬಾಂಬು ಸಿಡಿದು ೨೨ ಮಂದಿ ಸತ್ತರು. ಆ ಕಥೆ ಇಲ್ಲಿ ಬೇಡ. ರಾಮಾಪುರ ಈಗಿನ ಹನೂರು ತಾಲ್ಲೂಕಿನ ಒಂದು ಹೋಬಳಿ. ಮೊದಲು ಕೊಳ್ಳೇಗಾಲಕ್ಕೆ ಸೇರಿತ್ತು. ಕೊಳ್ಳೇಗಾಲವೋ ೧೯೫೬ರ ನವೆಂಬರ್ ಒಂದರ ವರೆಗೆ ಮೈಸೂರು ರಾಜ್ಯದ್ದೇ ಅಲ್ಲ. ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯದು. ಹಾಗಾಗಿ ನಾನು ಮುಂದೆ ಹೇಳಲಿರುವ ವೆಲ್ಲೂರೂ ಈ ರಾಮಾಪುರವೂ ಅಲ್ಲಿಯ ವರೆಗೆ ಒಂದೇ ರಾಜ್ಯದ ಊರುಗಳು. ಸುತ್ತ ಕಲ್ಲುನೆಲ, ಕುರುಚಲು ಕಾಡು, ಜಾಲಿಮುಳ್ಳು. ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಕೂಲಿ. ಕಾಲು ಬಿಟ್ಟರೆ ಬೇರೆ ವಾಹನವಿಲ್ಲದ ಜನ ಬಹುಕಾಲ ಬಾಳಿದ ನೆಲ ಇದು.

ಇಲ್ಲಿ ಪಾದರಕ್ಷೆಯೊಂದಿಗೆ ಒಂದು ದೇವರ ಕಥೆಯೂ ಸೇರಿಕೊಂಡಿದೆ. ಮಲೆಯ ಮಹದೇಶ್ವರನನ್ನು ಹಾಡುವ ದೇವರಗುಡ್ಡರು, ಕಂಸಾಳೆಯವರು ಶ್ರವಣನೆಂಬ ದೊರೆಯ ಪ್ರಸಂಗವನ್ನು ಹೇಳುತ್ತಾರೆ. ದೇವತೆಗಳನ್ನು ಸೆರೆಯಲ್ಲಿಟ್ಟಿದ್ದ ಆ ದೊರೆಯನ್ನು ಮುಗಿಸಲು ಮಾದಪ್ಪನು ಕತ್ತಿ ಹಿಡಿಯಲಿಲ್ಲ. ಹರಳಯ್ಯನೆಂಬ ಕುಶಲಿಯಿಂದ ಎಕ್ಕಡ ಹೊಲಿಸಿದನು. ದೊರೆ ಆಸೆಪಟ್ಟು ಅವನ್ನು ಮೆಟ್ಟಿ ನಾಶವಾದನು. ವಿವರಗಳು ಹಾಡುವವರ ಬಾಯಲ್ಲಿ ಬೇರೆಬೇರೆಯಾಗುವುದುಂಟು. ಕಲ್ಯಾಣದ ಹರಳಯ್ಯನ ಕಥೆ ಎಲ್ಲ ಕನ್ನಡಿಗರಿಗೂ ಗೊತ್ತು. ಅವನು, ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದರಂತೆ. ಮಾದಾರ ಚೆನ್ನಯ್ಯನ ಅಂಕಿತದೊಳಗೇ ಉಳಿ ಅಡಿಗೂಟಗಳು ಬಂದು ಕೂತಿವೆ. ನಮ್ಮ ಸಾಹಿತ್ಯ ಜೋಡು ಹೊಲಿಯುವವನನ್ನು ಇಷ್ಟು ಎತ್ತರದಲ್ಲಿ ಕೂರಿಸಿತು. ಊರು ಕೂರಿಸಿದ ಸ್ಥಳ ಬೇರೆ.

ಹಳೆಯ ಕಾಲದಲ್ಲಿ ಊರ ಜೋಡು ಹೊಲಿಯುವವನಿಗೆ ಸುಗ್ಗಿಯಲ್ಲಿ ಆಯ ಸಲ್ಲುತ್ತಿತ್ತು. ಕಣದಲ್ಲಿ ಅವನ ಪಾಲಿನ ಕಾಳು ಅಳೆದು ಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಒಕ್ಕಲಿನ ಮನೆಗೆ ಜೋಡು, ಎತ್ತಿಗೆ ಬಾರು, ಕಪಿಲೆಗೆ ತೊಗಲಿನ ಚೀಲ ಎಲ್ಲವನ್ನೂ ಅವನು ಪೂರೈಸಬೇಕು. ಹದ ಮಾಡುವ ಸಾಮಗ್ರಿಯೆಲ್ಲ ಸುತ್ತಲಿನ ಗುಡ್ಡಗಳಲ್ಲಿಯೇ ಬೆಳೆಯುತ್ತಿತ್ತು: ತಂಗಡಿಯ ತೊಗಟೆ, ಅಳಲೆಕಾಯಿ. ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಹದೇಶ್ವರನ ಬೆಟ್ಟದಲ್ಲಿಯೂ ಸೋಲಿಗರು ಆಯ್ದ ಅಳಲೆ ಹದಗಾರರ ಕೈಸೇರುತ್ತಿತ್ತು. ಅದನ್ನು ಆಯ್ದವರು ಮಾತ್ರ ಬರಿಗಾಲಲ್ಲಿ ಕಾಡು ಹತ್ತಿಳಿಯುತ್ತಿದ್ದರು.

ಹಳ್ಳಿಯ ಹೊಲಿಗೆಯವನ ಕೆಲಸವನ್ನು ಗಮನಿಸಿ ನೋಡಿದವರಿಗೆ ಒಂದು ಸಂಗತಿ ತಿಳಿದಿದ್ದೀತು. ಅವನಲ್ಲಿ ನಂಬರುಗಳಿರಲಿಲ್ಲ. ತೊಗಲನ್ನು ನೆಲಕ್ಕೆ ಹಾಸಿ, ಅದರ ಮೇಲೆ ಗಿರಾಕಿಯ ಪಾದವನ್ನು ಇಡಿಸಿ, ಸುತ್ತ ಇದ್ದಲಿನಿಂದ ಗೀರಿ, ರಂಪಿಗೆಯಿಂದ ಅಟ್ಟೆ ಕೊಯ್ಯುತ್ತಿದ್ದ. ಒಂದು ಪಾದದ ಗೀರು, ಆಮೇಲೆ ಇನ್ನೊಂದರದು. ಎರಡೂ ಒಂದೇ ಅಳತೆಯಲ್ಲಿರಬೇಕೆಂಬ ನಿಯಮವೇ ಅವನ ಕೆಲಸದೊಳಗಿರಲಿಲ್ಲ. ಹೆಬ್ಬೆರಳಿಲ್ಲದವನಿಗೆ ಉಂಗುಟವನ್ನು ಪಕ್ಕದ ಬೆರಳಿಗೆ ಸರಿಸಿ ಹೊಲಿದ. ಹಿಮ್ಮಡಿ ಸೊಟ್ಟಗಿದ್ದವನಿಗೆ ಅಟ್ಟೆಗೆ ಇನ್ನೆರಡು ಪದರ ಸೇರಿಸಿದ. ಇದನ್ನು ಅವನು ವಿಶೇಷ ಕೆಲಸವೆಂದು ತಿಳಿಯಲೂ ಇಲ್ಲ, ಹೆಚ್ಚಿಗೆ ಕೇಳಲೂ ಇಲ್ಲ. ಆ ಕಾಲ ಸುಭಿಕ್ಷವಾಗಿತ್ತೆಂದು ಯಾರೂ ಭಾವಿಸಬಾರದು. ಬಡವರಲ್ಲಿ ಬಹುಮಂದಿಗೆ ಜೋಡೇ ಇರಲಿಲ್ಲ. ಜೋಡು ಹೊಲಿಯುವವನಿಗೋ ಮೆಟ್ಟುವ ಹಕ್ಕಿರಲಿಲ್ಲ. ಮೇಲುಜಾತಿಯವರ ಬೀದಿ ಬಂತೆಂದರೆ ತಾನೇ ಹೊಲಿದ ಜೋಡನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತು. ಪಾದರಕ್ಷೆ ಎಂಬುದು ನಮ್ಮಲ್ಲಿ ಮುಳ್ಳಿನಿಂದ ಕಾಲನ್ನು ಕಾಯುವ ವಸ್ತು ಮಾತ್ರವಾಗಿರಲಿಲ್ಲ. ಕಾಲಿನವನು ಯಾರು ಎಂದು ಸಾರುವ ಗುರುತೂ ಆಗಿತ್ತು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಕಾರ್ಖಾನೆಯ ವಿಚಾರ. ಯುರೋಪಿನಲ್ಲಿ ಸುಮಾರು ಎರಡು ಶತಮಾನ ಕಾಲ ಎಡ ಬಲ ಭೇದವಿಲ್ಲದ ನೇರ ಬೂಟ್ಸುಗಳನ್ನೇ ಹೊಲಿಯುತ್ತಿದ್ದರು. ಹಾಕಿ ಹಾಕಿ ಕಾಲೇ ಅವನ್ನು ತಿದ್ದಿಕೊಳ್ಳಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಎಡ ಬಲ ಮತ್ತೆ ಬೇರ್ಪಟ್ಟವು. ಥಾಮಸ್ ಬ್ಲಾಂಚರ್ಡ್ ಎಂಬ ಅಮೆರಿಕದವನು ಬಂದೂಕಿನ ಮರದ ಹಿಡಿಗಳನ್ನು ಒಂದರಂತೆ ಒಂದು ಕಡೆಯುವುದಕ್ಕೆ ಕಂಡುಹಿಡಿದ ಯಂತ್ರ ಬೂಟ್ಸಿನ ಮರದಚ್ಚುಗಳನ್ನು ಕಡೆಯುವುದಕ್ಕೂ ಒದಗಿತು. ೧೮೮೩ರಲ್ಲಿ ಯಾನ್ ಮಾಟ್ಸೆಲಿಗರ್ ಎಂಬ, ಡಚ್ ಗಯಾನಾದಿಂದ ವಲಸೆ ಬಂದಿದ್ದ ಬಡ ಕೆಲಸಗಾರನು ಅಚ್ಚಿನ ಮೇಲೆ ಚರ್ಮವನ್ನು ಬಿಗಿದು ಕೂರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ನುರಿತ ಕೈ ದಿನಕ್ಕೆ ೫೦ ಜೊತೆ ಬಿಗಿಯುತ್ತಿದ್ದ ಕಡೆ ಯಂತ್ರ ಅದರ ಹಲವು ಪಟ್ಟು ಬಿಗಿಯತೊಡಗಿತು. ಬೆಲೆ ಇಳಿಯಿತು. ಬಡವನ ಕಾಲಿಗೂ ಬೂಟ್ಸು ಬಂತು. ಇದನ್ನು ಅನ್ಯಾಯವೆಂದು ಹೇಳುವವನು ನಾನಲ್ಲ. ಝ್ಲಿನ್ ಎಂಬ ಚೆಕ್ ಊರಿನಲ್ಲಿ ೧೮೯೪ರಲ್ಲಿ ಹುಟ್ಟಿದ ಬಾಟಾ ಸಂಸ್ಥೆ ೧೯೩೧ರಲ್ಲಿ ಕಲ್ಕತ್ತೆಯ ಬಳಿ ಕೆಲಸ ಆರಂಭಿಸಿದ ಮೇಲೆ ನಮ್ಮ ದೇಶದ ಸಣ್ಣ ಗುಮಾಸ್ತನೂ ಬೂಟ್ಸು ಮೆಟ್ಟುವಂತಾಯಿತು. ಕಾರ್ಖಾನೆಯ ಚಪ್ಪಲಿಗೆ ಜಾತಿ ತಿಳಿಯದು. ದುಡ್ಡು ಕೊಟ್ಟವನಿಗೆಲ್ಲ ಅದು ಸಿಕ್ಕುತ್ತದೆ. ಅಷ್ಟರ ಮಟ್ಟಿಗೆ ಅದೊಂದು ಬಿಡುಗಡೆ.

ಆದರೆ ಆ ಬೆಲೆ ಇಳಿದದ್ದು ಒಂದು ಕರಾರಿನ ಮೇಲೆ. ಎಲ್ಲರ ಕಾಲೂ ಹತ್ತು ಹನ್ನೆರಡು ಅಚ್ಚುಗಳೊಳಗೆ ಅಡಗಬೇಕು, ಮತ್ತು ಎರಡು ಕಾಲೂ ಒಂದೇ ಅಚ್ಚಿನವಾಗಿರಬೇಕು. ಇಂಗ್ಲಿಷ್ ನಂಬರು ಒಂದರಿಂದ ಇನ್ನೊಂದಕ್ಕೆ ಹೆಚ್ಚುವುದು ಒಂದು ಬಾರ್ಲಿ ಕಾಳಿನ ಉದ್ದ, ಅಂದರೆ ಅಂಗುಲದಲ್ಲಿ ಮೂರನೆಯ ಒಂದು ಪಾಲು. ನಮ್ಮ ಮೇಷ್ಟರ ಎರಡು ಪಾದಗಳ ನಡುವೆ ಇದ್ದ ಅಂತರ ಎರಡು ಬಾರ್ಲಿ ಕಾಳು. ಎರಡು ಕಾಳಿನ ಈ ವ್ಯತ್ಯಾಸಕ್ಕಾಗಿ ಜೀವಮಾನವೆಲ್ಲ ದುಪ್ಪಟ್ಟು ತೆತ್ತರು. ಇದ್ದಲಿನ ಗೀರಿನವನ ಎದುರಿಗೆ ಅವರ ಕಾಲು ಅವರ ಕಾಲು, ಅಷ್ಟೆ. ಕಾರ್ಖಾನೆಯ ಎದುರಿಗೆ ಅದು ಅಂಗವಿಕಲವಾಯಿತು.

ಕಾಲೇ ಇಲ್ಲದವರ ಕಥೆ ಬೇರೆ ದಾರಿ ಹಿಡಿಯಿತು. ಯುದ್ಧಗಳು ಇಲ್ಲಿ ಗುರುಗಳು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ ಒಂದರಲ್ಲಿಯೇ ೪೧,೦೦೦ ಸೈನಿಕರು ಕೈಯನ್ನೋ ಕಾಲನ್ನೋ ಕಳೆದುಕೊಂಡರು. ಕೃತಕ ಕಾಲಿನ ಉದ್ಯಮ ಆಗ ಬೆಳೆಯಿತು. ನಮ್ಮಲ್ಲಿ ಎರಡನೆಯ ಯುದ್ಧದ ಗಾಯಾಳುಗಳಿಗಾಗಿ ೧೯೪೪ರಲ್ಲಿ ಪುಣೆಯಲ್ಲಿ ಕೃತಕಾಂಗ ಕೇಂದ್ರ ಸ್ಥಾಪನೆಯಾಯಿತು. ೧೯೫೦ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ರೂಪುಗೊಂಡ 'ಸ್ಯಾಚ್' ಎಂಬ ಪಾದ ಜಗತ್ತಿನಲ್ಲೆಲ್ಲ ಹಬ್ಬಿತು. ಅದು ಒಳ್ಳೆಯ ಪಾದವೇ. ಆದರೆ ಅದನ್ನು ಬೂಟ್ಸಿನೊಳಗೆ ಇಡಬೇಕು. ಬೂಟ್ಸು ಕಳಚಿದರೆ ಅದಕ್ಕೆ ರೂಪವೂ ಇಲ್ಲ, ನೀರು ಕೆಸರು ತಾಳುವ ಶಕ್ತಿಯೂ ಇಲ್ಲ. ಮನೆಯ ಹೊಸ್ತಿಲಲ್ಲಿ, ಗುಡಿಯ ಬಾಗಿಲಲ್ಲಿ, ಊಟದ ಪಂಕ್ತಿಯಲ್ಲಿ ಜೋಡು ಕಳಚುವ ದೇಶದಲ್ಲಿ ಬೂಟ್ಸು ಬಿಡಲಾಗದ ಕಾಲನ್ನು ಏನು ಮಾಡುವುದು? ಚಕ್ಕಳಮಕ್ಕಳ ಹಾಕಿ ಕೂರುವಂತಿಲ್ಲ, ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಗದ್ದೆಗೆ ಇಳಿಯುವಂತಿಲ್ಲ. ಜಯಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಡಾಕ್ಟರು ಕೊಟ್ಟ ಕಾಲುಗಳನ್ನು ರೋಗಿಗಳು ಮೂಲೆಗಿಟ್ಟು ಮತ್ತೆ ಕಂಕುಳುಗೋಲು ಹಿಡಿದು ಬರುತ್ತಿದ್ದರಂತೆ.

ಅಲ್ಲಿಯ ಮೂಳೆವೈದ್ಯ ಡಾ. ಪಿ. ಕೆ. ಸೇಠಿ ಮತ್ತು ಹೆಚ್ಚು ಶಾಲೆ ಕಲಿಯದ ಕುಶಲಕರ್ಮಿ ರಾಮಚಂದ್ರ ಶರ್ಮ ಇಬ್ಬರೂ ಸೇರಿ ೧೯೬೮ರ ಸುಮಾರಿಗೆ ರೂಪಿಸಿದ ಜಯಪುರ ಪಾದದ ಕಥೆ ಈಗ ಎಲ್ಲರಿಗೂ ಪರಿಚಿತ. ಟೈರಿಗೆ ಹೊಸ ರಬ್ಬರು ಕೂರಿಸುವವರ ಕೆಲಸವನ್ನು ನೋಡಿ ರಾಮಚಂದ್ರರಿಗೆ ಪಾದವನ್ನೂ ಹಾಗೆಯೇ ಬೇಯಿಸಬಹುದೆಂದು ಹೊಳೆಯಿತಂತೆ. ಒಳಗೆ ಸ್ಪಂಜಿನ ರಬ್ಬರು, ಮರದ ತುಂಡು. ಹೊರಗೆ ಮೈಬಣ್ಣದ ಗಟ್ಟಿ ರಬ್ಬರಿನ ತೊಗಲು, ಬೆರಳುಗಳ ಆಕಾರ. ಮೇಲಿನ ಕಾಲಿಗೆ ಮೊದಲು ಅಲ್ಯುಮಿನಿಯಂ. ಆಮೇಲೆ ನೀರಾವರಿಯವರು ಬಳಸುವಂಥ ಪ್ಲಾಸ್ಟಿಕ್ ಕೊಳವೆ. ಬರಿಗಾಲಲ್ಲಿ ನಡೆಯಬಲ್ಲ ಕೃತಕ ಪಾದ ಇದು. ೧೯೭೫ರಲ್ಲಿ ಹುಟ್ಟಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಉಚಿತವಾಗಿ ಹಂಚತೊಡಗಿತು. ೧೯೮೧ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸುಧಾ ಚಂದ್ರನ್ ಆ ಪಾದದಿಂದಲೇ ನಾಟ್ಯವಾಡಿದ್ದನ್ನು ಸಿನಿಮಾದಲ್ಲಿ ನಮ್ಮವರೂ ನೋಡಿದರು. ಕಾಲಿಲ್ಲದವರಿಗೆ ಅಗ್ಗದ ಬೂಟ್ಸು ಹುಡುಕುತ್ತಿದ್ದ ಹೊತ್ತಿನಲ್ಲಿ ಜಯಪುರದವರು ಬೂಟ್ಸೇ ಬೇಡದ ಕಾಲನ್ನು ಮಾಡಿಕೊಟ್ಟರು ಎಂಬುದು ನನಗೆ ಇಂದಿಗೂ ಸೋಜಿಗ. ಬೆಂಗಳೂರಿನಲ್ಲಿ ೧೯೯೪ರಿಂದ ಮೊಬಿಲಿಟಿ ಇಂಡಿಯಾ ಎಂಬ ಸಂಸ್ಥೆ ಅಗ್ಗದ ಕೃತಕಾಂಗಗಳನ್ನು ಮಾಡುತ್ತ, ಮಾಡುವವರನ್ನು ತಯಾರು ಮಾಡುತ್ತ ಬಂದಿದೆ.

ಆದರೆ ರಾಮಾಪುರ, ಹನೂರು, ಯಳಂದೂರುಗಳ ಸೀಮೆಯಲ್ಲಿ ಕಾಲಿನ ದೊಡ್ಡ ಶತ್ರು ಬಾಂಬೂ ಅಲ್ಲ, ಲಾರಿಯೂ ಅಲ್ಲ. ಅದು ಕುಷ್ಠ.

ಕುಷ್ಠದಲ್ಲಿ ಬೆರಳುಗಳು ಕೊಳೆತು ಉದುರುತ್ತವೆಂದು ಲೋಕ ಸಾವಿರಾರು ವರ್ಷ ನಂಬಿತ್ತು. ಅದು ಹಾಗಲ್ಲವೆಂದು ತೋರಿಸಿದವರಲ್ಲಿ ಮುಖ್ಯರು ಡಾ. ಪಾಲ್ ಬ್ರಾಂಡ್. ಸೇಲಂ ಕಡೆಯ ಕೊಲ್ಲಿಮಲೆಯಲ್ಲಿ ೧೯೧೪ರಲ್ಲಿ ಹುಟ್ಟಿದ ಪಾದ್ರಿಯ ಮಗ. ವೈದ್ಯ ಓದುವ ಮುಂಚೆ ಮನೆ ಕಟ್ಟುವ ಕಸುಬನ್ನೂ ಬಡಗಿ ಕೆಲಸವನ್ನೂ ಕಲಿತಿದ್ದವರು. ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಮರುವರ್ಷ ಚೆಂಗಲ್ಪಟ್ಟಿನ ಕುಷ್ಠಧಾಮದಲ್ಲಿ ರೋಗಿಗಳ ಕೈಗಳನ್ನು ನೋಡಿದ ಮೇಲೆ ಅವರ ಜೀವನದ ದಾರಿ ತಿರುಗಿತು. ಮಾಂಸ ತಾನಾಗಿ ಕೊಳೆಯುವುದಿಲ್ಲ; ನರ ಸತ್ತು ನೋವು ತಿಳಿಯದೆ ಹೋಗುವುದರಿಂದ ಮನುಷ್ಯ ತನ್ನ ಅಂಗವನ್ನು ತಾನೇ ಅರಿಯದೆ ಹಾಳುಮಾಡಿಕೊಳ್ಳುತ್ತಾನೆ ಎಂದು ಅವರು ಕಂಡುಕೊಂಡರು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಿಂದ ಇಳಿಸುವುದು, ಕಾಲಿಗೆ ಚುಚ್ಚಿದ ಮೊಳೆಯ ಮೇಲೆ ದಿನವೆಲ್ಲ ನಡೆಯುವುದು. ರಾತ್ರಿ ಮಲಗಿದ್ದವನ ಬೆರಳು ಬೆಳಗ್ಗೆ ಕಾಣೆಯಾದದ್ದಕ್ಕೆ ಕಾರಣ ಹುಡುಕಿದಾಗ ಸಿಕ್ಕಿಬಿದ್ದವು ಇಲಿಗಳು. ಆಮೇಲೆ ರೋಗಿಗಳಿಗೆ ಔಷಧಿಯ ಜೊತೆಗೆ ಒಂದೊಂದು ಬೆಕ್ಕನ್ನೂ ಕೊಟ್ಟರಂತೆ.

ನಾವು ನಡೆಯುವಾಗ ಅಂಗಾಲಿನ ಒಂದು ಕಡೆ ಸ್ವಲ್ಪ ಉರಿದರೂ ನಮಗರಿಯದೆಯೇ ಹೆಜ್ಜೆ ಬದಲಿಸುತ್ತೇವೆ, ಕುಂಟುತ್ತೇವೆ, ಕೂರುತ್ತೇವೆ. ಸ್ಪರ್ಶವಿಲ್ಲದ ಕಾಲು ಅದೇ ಜಾಗವನ್ನು ಸಾವಿರಾರು ಸಲ ನೆಲಕ್ಕೆ ಒತ್ತುತ್ತದೆ. ಚರ್ಮ ಕೆಂಪಾಗುತ್ತದೆ, ಒಡೆಯುತ್ತದೆ, ಹುಣ್ಣಾಗುತ್ತದೆ, ಕೀವು ಮೂಳೆಗೆ ಇಳಿಯುತ್ತದೆ, ಕೊನೆಗೆ ಕತ್ತರಿ. ಆದ್ದರಿಂದ ಬ್ರಾಂಡ್ ಮತ್ತು ಅವರ ಸಂಗಡಿಗರಿಗೆ ಶಸ್ತ್ರಚಿಕಿತ್ಸೆಯಷ್ಟೇ ದೊಡ್ಡ ಸಮಸ್ಯೆ ಚಪ್ಪಲಿಯಾಯಿತು. ವೆಲ್ಲೂರಿನಲ್ಲಿಯೂ, ೧೯೫೫ರಲ್ಲಿ ಕುಷ್ಠ ಸಂಶೋಧನೆಗೆಂದೇ ಹುಟ್ಟಿದ ಹತ್ತಿರದ ಕರಿಗಿರಿಯಲ್ಲಿಯೂ ಮರದ ಪಾದುಕೆ, ತೊಗಲು, ಟೈರು ಎಲ್ಲವನ್ನೂ ಪರೀಕ್ಷಿಸಿದರು. ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ಎಂದು ದೇಶಕ್ಕೇ ಹೆಸರಾದ ತೊಗಲಿನ ಪೇಟೆಗಳು ಸುತ್ತಲೇ ಇದ್ದವು. ಆದರೂ ಕೊನೆಗೆ ಗೆದ್ದದ್ದು ತೊಗಲಲ್ಲ, ಸೂಕ್ಷ್ಮ ಗುಳ್ಳೆಗಳು ತುಂಬಿದ ಒಂದು ಬಗೆಯ ರಬ್ಬರು. ಮೈಕ್ರೋಸೆಲ್ಯುಲರ್ ರಬ್ಬರ್ ಎಂದು ಅದರ ಪೂರ್ಣ ಹೆಸರು, ಬಳಕೆಯಲ್ಲಿ ಎಂ.ಸಿ.ಆರ್.

ಆ ಚಪ್ಪಲಿಯ ರಚನೆ ಸರಳ. ಕಾಲಿಗೆ ತಾಗುವ ಪದರ ಎಂ.ಸಿ.ಆರ್., ಹೆಚ್ಚುಕಡಮೆ ಅರ್ಧ ಅಂಗುಲ ದಪ್ಪ. ಷೋರ್ ಮಾಪಕದಲ್ಲಿ ಅದರ ಗಡಸು ೧೫ರ ಆಸುಪಾಸು, ಅಂದರೆ ಹೆಬ್ಬೆರಳಿನಿಂದ ಒತ್ತಿದರೆ ತಗ್ಗಬೇಕು, ಬಿಟ್ಟರೆ ಏಳಬೇಕು. ಕೆಳಗಿನ ಅಟ್ಟೆ ಗಟ್ಟಿ ರಬ್ಬರು. ಹಳೆಯ ಟೈರಾದರೂ ಆದೀತು. ಮುಳ್ಳು ಆಚೆಯೇ ನಿಲ್ಲಬೇಕು. ಎಲ್ಲಿಯೂ ಮೊಳೆ ಹೊಡೆಯಕೂಡದು, ಅಂಟು ಮತ್ತು ಹೊಲಿಗೆ ಮಾತ್ರ. ಏಕೆಂದರೆ ಮೊಳೆ ಮೇಲೆದ್ದರೆ ಹೇಳುವುದಕ್ಕೆ ಆ ಕಾಲಿಗೆ ನಾಲಿಗೆಯಿಲ್ಲ. ಉಂಗುಟ ಬೇಡ, ಹಿಮ್ಮಡಿಯ ಹಿಂದೆ ಪಟ್ಟಿ ಬೇಕು. ನಮ್ಮ ಹವಾಯಿ ಚಪ್ಪಲಿ ಬೆರಳಿನ ಹಿಡಿತದ ಮೇಲೆ ನಿಲ್ಲುವಂಥದು. ಬೆರಳು ಮುದುಡಿದವನ, ಬೆರಳಿಲ್ಲದವನ ಕಾಲಿನಿಂದ ಅದು ಕಳಚಿ ಬೀಳುತ್ತದೆ, ಬಿದ್ದದ್ದು ಅವನಿಗೆ ತಿಳಿಯುವುದೂ ಇಲ್ಲ. ಮೋಟಾದ ಪಾದವಾದರೆ ಆ ಪಾದದ ಗುಳಿಗಳಿಗೆ ತಕ್ಕಂತೆ ಒಳಗಿನ ಪದರವನ್ನೇ ಕೊರೆದು ಕೂರಿಸಬೇಕು. ಹೊಸದನ್ನು ಮೊದಲ ದಿನ ಒಂದೆರಡು ಗಂಟೆ ಮಾತ್ರ ಮೆಟ್ಟಿ, ಕಾಲೆತ್ತಿ ಕೆಂಪಾಗಿದೆಯೇ ಎಂದು ನೋಡಿಕೊಳ್ಳಬೇಕು. ಹೇಗೆ ನೋಡಿದರೂ ಇದು ಅಳತೆಯ ಕೆಲಸ. ಅಂದರೆ ಆಸ್ಪತ್ರೆಯವರು ಸುತ್ತಿ ಸುತ್ತಿ ಮತ್ತೆ ಪಾದವನ್ನು ನೆಲಕ್ಕೆ ಇಡಿಸಿ ಗೀರೆಳೆಯುವವನ ಬಳಿಗೇ ಬಂದು ನಿಂತರು. ಕುಷ್ಠದ ಆಸ್ಪತ್ರೆ ದೊಡ್ಡದಾಗಿದ್ದ ಕಡೆಯೆಲ್ಲ ಒಂದು ಚಪ್ಪಲಿಯ ಕಾರ್ಖಾನೆ, ಅದರಲ್ಲಿ ಒಬ್ಬ ಹೊಲಿಗೆಯವ ಇರತೊಡಗಿದ್ದು ಈ ಕಾರಣದಿಂದ.

ಇದು ನಮ್ಮ ಬೆಟ್ಟಗಳ ಕಡೆಗೆ ಬರಲು ಇನ್ನೂ ಕೆಲವು ದಶಕ ಬೇಕಾಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ೧೯೮೧ರಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದ ಡಾ. ಎಚ್. ಸುದರ್ಶನ್ ಅವರು ಕೆಳಗೆ ಯಳಂದೂರಿನಲ್ಲಿ ಕುಷ್ಠ ಹಬ್ಬಿದ್ದುದನ್ನು ಕಂಡು ೧೯೮೬ರಲ್ಲಿ ಕರುಣಾ ಟ್ರಸ್ಟನ್ನು ಸ್ಥಾಪಿಸಿದರು. ಆ ಸಂಸ್ಥೆಯ ಲೆಕ್ಕದಂತೆ ೧೯೮೭ರಲ್ಲಿ ಆ ತಾಲ್ಲೂಕಿನಲ್ಲಿ ಸಾವಿರ ಜನರಲ್ಲಿ ೨೧ ಮಂದಿಗೆ ರೋಗವಿತ್ತು. ಒಂದು ಬಸ್ಸಿನಲ್ಲಿ ಐವತ್ತು ಮಂದಿ ಕೂತರೆ ಅದರಲ್ಲಿ ಒಬ್ಬ! ಆಗತಾನೇ ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ದೇಶಕ್ಕೆ ಬಂದಿತ್ತು. ಮನೆಮನೆಗೆ ಹೋಗಿ ರೋಗ ಪತ್ತೆಮಾಡಿ ಗುಳಿಗೆ ನುಂಗಿಸಿದ್ದರಿಂದ ಹದಿನೈದಿಪ್ಪತ್ತು ವರ್ಷಗಳಲ್ಲಿ ಆ ಪ್ರಮಾಣ ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ೨೦೦೫ರ ಕೊನೆಯಲ್ಲಿ ಇಡೀ ದೇಶದಲ್ಲಿಯೇ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಮೆಯಾಯಿತೆಂದು ಸರ್ಕಾರ ಸಾರಿತು.

ಒಂದು ವಿಷಯವನ್ನು ಆ ಸಾರಿಕೆ ಮರೆಸಿತು. ಗುಳಿಗೆ ರೋಗಾಣುವನ್ನು ಕೊಲ್ಲುತ್ತದೆ. ಸತ್ತ ನರವನ್ನು ಬದುಕಿಸುವುದಿಲ್ಲ. ರೋಗ ವಾಸಿಯಾದವನ ಕಾಲು ಸಾಯುವ ತನಕ ಜಡವಾಗಿಯೇ ಇರುತ್ತದೆ. ಅವನ ಹೆಸರು ರೋಗಿಗಳ ಪಟ್ಟಿಯಿಂದ ಹೋಯಿತು, ಚಪ್ಪಲಿಯ ಅಗತ್ಯ ಹೋಗಲಿಲ್ಲ. ಎಂ.ಸಿ.ಆರ್. ಆರು ತಿಂಗಳಿಂದ ಒಂದು ವರ್ಷದೊಳಗೆ ತುಳಿತಕ್ಕೆ ಚಪ್ಪಟೆಯಾಗಿ ಗುಣ ಕಳೆದುಕೊಳ್ಳುತ್ತದೆ. ಹೊಲದ ಕೆಲಸದವನಿಗೆ ಇನ್ನೂ ಬೇಗ. ವರ್ಷಕ್ಕೆರಡು ಸಲ ಹೊಸದು ಬೇಕು. ಅಂಗವಿಕಲರ ಸಲಕರಣೆಗಳಿಗಾಗಿ ೧೯೭೨ರಲ್ಲಿ ಕಾನ್ಪುರದಲ್ಲಿ ಹುಟ್ಟಿದ ಸರ್ಕಾರಿ ನಿಗಮವುಂಟು, ೧೯೮೧ರಿಂದ ನೆರವಿನ ಯೋಜನೆಯುಂಟು. ಆದರೆ ಶಿಬಿರಕ್ಕೆ ಹೋಗಿ ಅಳತೆ ಕೊಡಲು ಒಂದು ದಿನದ ಕೂಲಿ, ತರಲು ಇನ್ನೊಂದು ದಿನದ ಕೂಲಿ. ರಾಮಾಪುರದ ಆಚೆಯ ದೊಡ್ಡಿಗಳವರಿಗೆ ಬಸ್ಸಿನ ಖರ್ಚು ಬೇರೆ. ಉಚಿತ ಎಂಬ ಮಾತಿಗೆ ಬಡವರ ಲೆಕ್ಕದಲ್ಲಿ ಯಾವಾಗಲೂ ಒಂದು ಬೆಲೆಯಿರುತ್ತದೆ.

ಬೆಲೆಗಿಂತಲೂ ದೊಡ್ಡ ತೊಡಕು ಇನ್ನೊಂದಿತ್ತು. ಅದೇ ನಾನು ಹಿಂದೆ ಹೇಳಿದ ಗುರುತಿನ ಮಾತು. ಕಪ್ಪು ರಬ್ಬರಿನ ದಪ್ಪ ಅಟ್ಟೆ, ಹಿಂದೆ ಪಟ್ಟಿ, ಎಲ್ಲರಿಗೂ ಒಂದೇ ಮಾದರಿ: ದೂರದಿಂದಲೇ ಅದು ಕುಷ್ಠದವರ ಚಪ್ಪಲಿಯೆಂದು ಊರಿಗೆಲ್ಲ ತಿಳಿಯುತ್ತಿತ್ತು. ಕೈಬೆರಳು ನೆಟ್ಟಗಿದ್ದು ಯಾರಿಗೂ ಗೊತ್ತಾಗದೆ ಬಾಳುತ್ತಿದ್ದವನನ್ನೂ ಅದು ಹಿಡಿದುಕೊಡುತ್ತಿತ್ತು. ಹೀಗಾಗಿ ಆಸ್ಪತ್ರೆಯಿಂದ ತಂದದ್ದನ್ನು ಮನೆಯ ಸೂರಿಗೆ ಸಿಕ್ಕಿಸಿ ಬರಿಗಾಲಲ್ಲಿ ನಡೆದವರು ಎಷ್ಟೋ ಮಂದಿ. ತಿಳಿವಳಿಕೆಯಿಲ್ಲದ ಜನ ಎಂದು ಅವರನ್ನು ಬೈಯುವುದು ಸುಲಭ. ೧೮೯೮ರ ಕುಷ್ಠರೋಗಿಗಳ ಕಾಯಿದೆ ರದ್ದಾದದ್ದು ೨೦೧೬ರಲ್ಲಿ. ಕುಷ್ಠವೆಂಬ ಕಾರಣಕ್ಕೆ ವಿವಾಹ ವಿಚ್ಛೇದನ ಕೊಡಬಾರದೆಂದು ಕಾನೂನು ಬದಲಾದದ್ದು ೨೦೧೯ರಲ್ಲಿ. ಅಲ್ಲಿಯ ತನಕ ಒಂದು ಜೊತೆ ಚಪ್ಪಲಿ ಹೆಂಡತಿಯನ್ನು ಕಳೆಯಬಹುದಾಗಿತ್ತು. ಹುಣ್ಣಾದೀತೆಂಬ ಭಯ ದೊಡ್ಡದೋ, ಊರು ತಿಳಿದೀತೆಂಬ ಭಯ ದೊಡ್ಡದೋ? ಬಿಸಿಲಿಗೆ ಕಾದ ಬಂಡೆಯ ಮೇಲೆ ಆ ಕಾಲುಗಳು ಸುಡುತ್ತಿದ್ದುದು ಕಾಲಿನವನಿಗೇ ತಿಳಿಯುತ್ತಿರಲಿಲ್ಲ. ಶಿವರಾತ್ರಿಗೆ ಕನಕಪುರದ ಕಡೆಯಿಂದ ಸಂಗಮದಲ್ಲಿ ಕಾವೇರಿ ದಾಟಿ ಸಾವಿರಾರು ಭಕ್ತರು ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆಯುವುದನ್ನು ಕಂಡಾಗಲೆಲ್ಲ ನಾನು ಇವರನ್ನು ನೆನೆಯುತ್ತೇನೆ. ಹೊಪ್ಪಳೆ ಎದ್ದಿತೆಂದು ಭಕ್ತನಿಗೆ ಅವನ ಕಾಲೇ ಹೇಳುತ್ತದೆ. ಅದು ಎಂಥ ವರವೆಂದು ಅವನಿಗೆ ಗೊತ್ತಿಲ್ಲ.

ಈಚಿನ ವರ್ಷಗಳಲ್ಲಿ ಒಂದು ವಿಚಿತ್ರ ನಡೆದಿದೆ. ಸಕ್ಕರೆ ಕಾಯಿಲೆ ನಮ್ಮ ಪಟ್ಟಣಗಳ ಮನೆಮಾತಾಯಿತು. ಅದೂ ಪಾದದ ನರವನ್ನು ಕೊಲ್ಲುತ್ತದೆ. ಅದರಲ್ಲಿಯೂ ಅದೇ ಹುಣ್ಣು, ಅದೇ ಕತ್ತರಿ. ವೈದ್ಯರು ಮದ್ದು ಹುಡುಕುತ್ತ ಹೋಗಿ ಕುಷ್ಠದವರಿಗೆಂದು ಮಾಡಿದ ಚಪ್ಪಲಿಯ ಬಳಿಗೇ ಬಂದರು. ಈಗ ಮಲ್ಲೇಶ್ವರ ಜಯನಗರಗಳ ಅಂಗಡಿಗಳಲ್ಲಿ 'ಡಯಾಬಿಟಿಕ್ ಚಪ್ಪಲಿ', 'ಎಂ.ಸಿ.ಆರ್. ಚಪ್ಪಲಿ' ಎಂದು ಬಣ್ಣಬಣ್ಣದಲ್ಲಿ ಮಾರುತ್ತಾರೆ. ಹಿಮ್ಮಡಿ ನೋವಿನವರೂ ಕೊಳ್ಳುತ್ತಾರೆ, ಮನೆಯೊಳಗೆ ಮೆಟ್ಟಿಕೊಂಡು ಓಡಾಡುತ್ತಾರೆ. ಈ ಪುಟ ಓದುತ್ತಿರುವವರ ಮನೆಯಲ್ಲಿಯೂ ಒಂದು ಜೊತೆ ಇದ್ದರೆ ನನಗೆ ಆಶ್ಚರ್ಯವಿಲ್ಲ. ವೆಲ್ಲೂರು ಕರಿಗಿರಿಗಳ ಹುಣ್ಣುಗಾಲುಗಳ ಮೇಲೆ ಪರೀಕ್ಷೆಯಾಗಿ ಬಂದ ವಸ್ತು ಅದು ಎಂಬುದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದಿಲ್ಲ. ಅಚ್ಚಾಗಿದ್ದರೆ ಎಷ್ಟು ಮಂದಿ ಕೊಂಡಾರೆಂಬುದು ಬೇರೆ ಮಾತು. ಉಳ್ಳವರ ಕಾಯಿಲೆಗೂ ಅದೇ ಮದ್ದಾದ್ದರಿಂದ ಒಂದು ಲಾಭವಾಯಿತು: ಆ ಚಪ್ಪಲಿಯ ಮೇಲಿನ ಕಳಂಕ ತಾನಾಗಿ ತೆಳುವಾಯಿತು. ಒಂದು ನಷ್ಟವೂ ಆಯಿತು: ಅದು ಮತ್ತೆ ನಂಬರಿನ ಪೆಟ್ಟಿಗೆಯೊಳಗೆ, ಜೋಡಿಯಾಗಿ, ಹೋಗಿ ಕೂತಿತು. ಮೋಟು ಪಾದದವನಿಗೆ ಆ ಅಂಗಡಿಯಲ್ಲಿಯೂ ಏನೂ ಇಲ್ಲ.

ರಾಮಾಪುರದಲ್ಲಿ ರಸ್ತೆಬದಿಗೆ ಛತ್ರಿ ಕಟ್ಟಿಕೊಂಡು ಕೂರುವ ಒಬ್ಬ ಹೊಲಿಗೆಯವನನ್ನು ನಾನು ಹಲವು ಸಲ ಮಾತನಾಡಿಸಿದ್ದೇನೆ. ಈಗ ಅವನು ಹೊಸ ಜೋಡು ಹೊಲಿಯುವುದು ಅಪರೂಪ. ಹರಿದ ಬಾರು, ಕಿತ್ತ ಅಟ್ಟೆ, ಶಾಲೆಯ ಮಕ್ಕಳ ಚೀಲ. ಅವನ ಮರದ ಪೆಟ್ಟಿಗೆಯ ಒಳಗೆ ಒಂಟಿ ಚಪ್ಪಲಿಗಳ ರಾಶಿಯೇ ಉಂಟು. ಕಂಕುಳುಗೋಲಿನ ಗಿರಾಕಿಗಳು ಅಂಗಡಿಯಲ್ಲಿ ಜೊತೆ ಕೊಂಡು, ಬೇಡದ ಒಂದನ್ನು ಇವನಿಗೆ ಬಿಟ್ಟುಹೋಗುತ್ತಾರೆ. ಇವನು ಅದಕ್ಕೆ ಪ್ರತಿಯಾಗಿ ಕೋಲಿನ ಬುಡಕ್ಕೆ ಟೈರಿನ ತುಂಡು ಹಾಕಿಕೊಡುತ್ತಾನೆ. ಉಳಿದದ್ದರ ಬಾರು ಇನ್ನೊಬ್ಬರ ಚಪ್ಪಲಿಗೆ, ಅಟ್ಟೆ ಮತ್ತೊಬ್ಬರ ಹಿಮ್ಮಡಿಗೆ. "ಕಾಲು ಒಂದೇ ಇದ್ರೂವಿ ಬೆಲ ಎರಡಕ್ಕೂ ಕೊಡ್ಬೇಕಲ್ಲ ಸೋಮಿ, ಅಂಗಡಿಯೋರು ಅರ್ಧ ತಕ್ಕತ್ತಾರಾ?" ಎಂದು ನನ್ನನ್ನೇ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಒಂಟಿಯಾಗಿ ಬೇಕಾದವರಿಗೆ ಅವನು ರಾಶಿಯಲ್ಲಿ ಹುಡುಕಿ, ಸಿಕ್ಕರೆ, ಹಳೆಯದನ್ನು ಸರಿಮಾಡಿ ಕೊಡುತ್ತಾನೆ. ಬಲಗಾಲಿನವು ಹೆಚ್ಚು ಸಿಕ್ಕುತ್ತವೋ ಎಡಗಾಲಿನವೋ ಎಂದು ಕೇಳಿದೆ. ಲೆಕ್ಕ ಇಟ್ಟಿಲ್ಲವೆಂದ.

ಅವನೇ ಹೇಳಿದ ಇನ್ನೊಂದು ಸಂಗತಿಯುಂಟು. ಸುತ್ತಿನ ಊರಿನವನೊಬ್ಬ, ಕುಷ್ಠ ವಾಸಿಯಾಗಿ ಎಷ್ಟೋ ವರ್ಷವಾದವನು, ಆಸ್ಪತ್ರೆಯವರು ಕೊಟ್ಟಿದ್ದ ಎಂ.ಸಿ.ಆರ್. ಚಪ್ಪಲಿಯನ್ನು ಚೀಲದಲ್ಲಿ ಮುಚ್ಚಿಕೊಂಡು ತಂದನಂತೆ. ಮಗಳ ಮದುವೆ. ಬೀಗರ ಊರಿಗೆ ಹೋಗಬೇಕು. ಬರಿಗಾಲಲ್ಲಿ ಹೋಗುವಂತಿಲ್ಲ, ಇದನ್ನು ಮೆಟ್ಟಿಯೂ ಹೋಗುವಂತಿಲ್ಲ. ಹೊಲಿಗೆಯವನು ಒಳಗಿನ ಮೆತ್ತನೆಯ ಪದರವನ್ನು ಮುಟ್ಟಲಿಲ್ಲ. ಕಪ್ಪು ಅಂಚಿನ ಸುತ್ತ ಕಂದು ತೊಗಲಿನ ಪಟ್ಟಿ ಅಂಟಿಸಿ, ಮೇಲಿನ ಬಾರುಗಳನ್ನು ಕಿತ್ತು ಪೇಟೆಯ ಚಪ್ಪಲಿಯ ಬಾರು ಹಾಕಿ ಹೊಲಿದ, ಎಲ್ಲಿಯೂ ಮೊಳೆ ಹೊಡೆಯದೆ. ಹಿಂದಿನ ಪಟ್ಟಿಗೆ ತನ್ನ ಒಂಟಿ ರಾಶಿಯಿಂದ ಒಂದು ಹಿತ್ತಾಳೆಯ ಬಕ್ಕಲು ತೆಗೆದು ಕೂರಿಸಿದ; ಎರಡಕ್ಕೂ ಒಂದೇ ತರಹದ ಬಕ್ಕಲು ಸಿಕ್ಕಲಿಲ್ಲವಂತೆ. ಮದುವೆ ಮುಗಿಸಿ ಬಂದು ಆ ಮನುಷ್ಯ ಹೇಳಿದನಂತೆ: ಮನೆಯ ಬಾಗಿಲಲ್ಲಿ ನೂರು ಜೊತೆ ಬಿದ್ದಿದ್ದವು, ತಿರುಗಿ ಬಂದಾಗ ತನ್ನದು ಯಾವುದೆಂದು ತಾನೇ ಹುಡುಕಬೇಕಾಯಿತು ಎಂದು.